ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತ ನಂಬಿಕೆ ಮತ್ತು ಬದುಕಿನ ಅರ್ಥದ ಹುಡುಕಾಟ: ನಿಮಗೆ ನಿಜವಾಗಿ ಆಸರೆಯಾದದ್ದು ಯಾವುದು?

ನೇತ್ರಾವತಿ_ತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ವಂದನೆಗಳು. ನಾನು ಮಂಗಳೂರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯೊಂದರಲ್ಲಿ ಬೆಳೆದವಳು. ಈಗ ಆರು ವರ್ಷಗಳಿಂದ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ದೊಡ್ಡ ಸರ್ಕಾರಿ ಸಂಶೋಧನಾ ವಿಶ್ವವಿದ್ಯಾಲಯದಲ್ಲಿದ್ದೇನೆ, ಮೊದಲು ಪಿಎಚ್.ಡಿ. ವಿದ್ಯಾರ್ಥಿನಿಯಾಗಿ, ಈಗ ರಸಾಯನಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ನಂತರದ ಸಂಶೋಧಕಿ, ಅಂದರೆ ಪೋಸ್ಟ್‌ಡಾಕ್ ಆಗಿ.

ಕಳೆದ ಚಳಿಗಾಲದಲ್ಲಿ ನಮ್ಮ ಲ್ಯಾಬಿನ ವಿದ್ಯಾರ್ಥಿಯೊಬ್ಬ, ನಮ್ಮ ಕಡೆಯವನೇ, ಸಭೆಯ ಭಾನುವಾರದ ಶಾಲೆಯಲ್ಲಿ ಬೆಳೆದ ಹುಡುಗ, ತಾನು ನಾಲ್ಕು ವರ್ಷ ಹಗಲಿರುಳು ದುಡಿದಿದ್ದ ವಿಷಯದ ಮೇಲೆ ಬೇರೊಂದು ದೇಶದ ತಂಡ ಮೂರು ವಾರ ಮೊದಲೇ ಪೇಪರ್ ಪ್ರಕಟಿಸಿದ್ದನ್ನು ಕಂಡು ಕುಸಿದುಹೋದ. ಆ ರಾತ್ರಿ ಲ್ಯಾಬಿನಲ್ಲಿ ಇದ್ದವರು ನಾವಿಬ್ಬರೇ. "ಅಕ್ಕಾ, ಈ ನಾಲ್ಕು ವರ್ಷ ನಾನು ಯಾರಿಗಾಗಿ ದುಡಿದೆ? ನಾನು ಮಾಡದಿದ್ದರೂ ಇದು ಆಗುತ್ತಿತ್ತು ಎಂದಮೇಲೆ ನಾನು ಇಲ್ಲಿ ಏಕೆ ಇದ್ದೇನೆ?" ಎಂದು ಕೇಳಿದ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂಬ ರೋಮಾಪುರದವರಿಗೆ ಬರೆದ ಪತ್ರಿಕೆಯ ಮಾತನ್ನು ನಾನು ತಕ್ಷಣವೇ ಹೇಳಿಬಿಟ್ಟೆ. ಅವನು "ಹೌದಕ್ಕ" ಎಂದು ಗವಸುಗಳನ್ನು ಕಳಚಿಟ್ಟು ಹೊರಟುಹೋದ. ಅಂದಿನಿಂದ ಅವನು ಸಭೆಗೂ ಬಂದಿಲ್ಲ, ನನ್ನೊಂದಿಗೆ ಕೆಲಸದ ಮಾತಿನ ಹೊರತು ಬೇರೇನನ್ನೂ ಆಡಿಲ್ಲ. ನಾನು ಹೇಳಿದ್ದು ಸುಳ್ಳೆಂದು ನನಗೆ ಅನಿಸುವುದಿಲ್ಲ, ಆದರೆ ಅವನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಮೊದಲೇ ನಾನು ಅದಕ್ಕೆ ಮುಚ್ಚಳ ಹಾಕಿದೆ ಎಂಬುದು ನಿಜ.

ಈಗ ಇಲ್ಲಿನ ನಮ್ಮ ಸಭೆಯ ಹಿರಿಯರು ಕ್ಯಾಂಪಸ್ಸಿನ ಸಮೀಪದಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಏನನ್ನಾದರೂ ಆರಂಭಿಸಬೇಕೆಂದಿದ್ದಾರೆ. ದೇವರಿದ್ದಾನೆ ಎಂಬುದಕ್ಕೆ ವಾದಗಳನ್ನು ಮಂಡಿಸುವ ಉಪನ್ಯಾಸ ಮಾಲೆ ಬೇಕೆಂಬುದು ಕೆಲವರ ಅಭಿಪ್ರಾಯ. ವಾರದ ಪ್ರಾರ್ಥನಾ ಕೂಟ ಸಾಕೆಂದು ಹೇಳುವವರೂ ಇದ್ದಾರೆ. ವಿಶ್ವವಿದ್ಯಾಲಯದಲ್ಲಿ ದುಡಿದ, ದುಡಿಯುತ್ತಿರುವ ನಿಮ್ಮ ಅನುಭವವನ್ನು ದಯವಿಟ್ಟು ವಿವರವಾಗಿ ಬರೆಯಿರಿ. ಕ್ರೈಸ್ತರಲ್ಲದವರ ಮಾತೂ ನನಗೆ ಅಷ್ಟೇ ಮುಖ್ಯ.

ವರ್ಜೀನಿಯಾ_ಕನ್ನಡಿಗ

ಸಹೋದರಿ, ನಾನು ಷಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿಯ ಕಥೆ ನಿಮ್ಮ ಹಿರಿಯರಿಗೆ ಉಪಯೋಗವಾದೀತು.

1819ರಲ್ಲಿ ಥಾಮಸ್ ಜೆಫರ್ಸನ್ ಆ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ದೈವಶಾಸ್ತ್ರದ ಪೀಠವನ್ನು ಬೇಕೆಂದೇ ಕೈಬಿಟ್ಟರು. ಹಳೆಯ ಕಾಲೇಜುಗಳಲ್ಲಿ ಪ್ರಾರ್ಥನಾ ಮಂದಿರಕ್ಕೆ ದೊರೆಯುತ್ತಿದ್ದ ನಡುಜಾಗದಲ್ಲಿ ಗುಮ್ಮಟದ ಗ್ರಂಥಾಲಯವನ್ನು ಕಟ್ಟಿಸಿದರು. 1636ರಲ್ಲಿ ಹುಟ್ಟಿದ ಹಾರ್ವರ್ಡ್ ಸಭೆಗೆ ವಿದ್ಯಾವಂತ ಬೋಧಕರನ್ನು ಒದಗಿಸುವ ಆಸೆಯಿಂದ ಆರಂಭವಾಗಿತ್ತು. ಎರಡು ಶತಮಾನ ಕಳೆಯುವಷ್ಟರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಯಾವ ಮತಕ್ಕೂ ಸೇರದಿರುವುದು ನಮ್ಮಂಥ ಪರದೇಶಿಗಳಿಗೂ ಒಂದು ರಕ್ಷಣೆಯೇ. ಆದರೆ ಗ್ರಂಥಾಲಯದಲ್ಲಿ ಕುಳಿತವನಿಗೂ ರಾತ್ರಿ ಹನ್ನೊಂದಕ್ಕೆ "ಇದೆಲ್ಲ ಏತಕ್ಕೆ" ಎಂಬ ಪ್ರಶ್ನೆ ಬಂದೇ ಬರುತ್ತದೆ, ಆಗ ಅವನು ಎಲ್ಲಿಗೆ ಹೋಗಬೇಕು?

ಅದಕ್ಕೆ ಉತ್ತರವೆಂಬಂತೆ 1970ರ ದಶಕದಲ್ಲಿ ಆ ಊರಿನ ಕೆಲವು ವಿಶ್ವಾಸಿಗಳು ಕ್ಯಾಂಪಸ್ಸಿಗೆ ಅಂಟಿಕೊಂಡಂತಿರುವ ಬೀದಿಯಲ್ಲಿ ಒಂದು ಮನೆಯನ್ನು ಪಡೆದು ಅದನ್ನು ಕ್ರೈಸ್ತ ಅಧ್ಯಯನ ಕೇಂದ್ರವನ್ನಾಗಿ ಮಾಡಿದರು. ವಿಶ್ವವಿದ್ಯಾಲಯದ ಹೊರಗೆ, ಆದರೆ ನಾಲ್ಕು ಹೆಜ್ಜೆಯ ದೂರದಲ್ಲಿ. ಈ ಮಾದರಿಯನ್ನು ಬೇರೆ ಊರಿನವರೂ ಹಿಡಿದರು: ಕಾರ್ನೆಲ್‌ನಲ್ಲಿ, ಮಿನೆಸೋಟಾದಲ್ಲಿ, ಮ್ಯಾಡಿಸನ್‌ನಲ್ಲಿ ಇಂಥ ಕೇಂದ್ರಗಳಿವೆ, ಇವುಗಳ ಒಂದು ಒಕ್ಕೂಟವೂ ಇದೆ. ನಾನು ಕಂಡ ಮನೆಯಲ್ಲಿ ಪುಸ್ತಕಗಳಿದ್ದವು, ಓದುವ ಕೋಣೆಗಳಿದ್ದವು, ಅಡುಗೆಮನೆಯಿತ್ತು. ಬಾಗಿಲು ದಾಟಿದವರನ್ನು "ನೀನು ಯಾರ ಸಭೆಯವನು" ಎಂದು ಯಾರೂ ಕೇಳಲಿಲ್ಲ. ಮೂರು ತಿಂಗಳು ನಾನು ಅಲ್ಲಿಗೆ ಹೋದದ್ದು ಬೆಚ್ಚಗೆ ಕುಳಿತು ನನ್ನ ಅರ್ಥಶಾಸ್ತ್ರದ ಪಾಠಗಳನ್ನು ಓದಿಕೊಳ್ಳುವುದಕ್ಕೆ ಮಾತ್ರ.

ಇನ್ನೊಂದು ಮಾತು. ಅದೇ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ವಿದ್ಯಾರ್ಥಿಗಳು ನಡೆಸುತ್ತಿದ್ದ ಪತ್ರಿಕೆಯೊಂದರ ಮುದ್ರಣ ವೆಚ್ಚವನ್ನು ವಿದ್ಯಾರ್ಥಿ ಶುಲ್ಕದ ನಿಧಿಯಿಂದ ಕೊಡಲು ಆಡಳಿತ ನಿರಾಕರಿಸಿತ್ತು. ಬೇರೆ ವಿದ್ಯಾರ್ಥಿ ಪತ್ರಿಕೆಗಳಿಗೆ ಕೊಡುವುದನ್ನು ಧಾರ್ಮಿಕ ದೃಷ್ಟಿಕೋನದ ಕಾರಣಕ್ಕೆ ಇದಕ್ಕೆ ಮಾತ್ರ ನಿರಾಕರಿಸುವಂತಿಲ್ಲ ಎಂದು 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪು ಬಂದದ್ದು ಒಳ್ಳೆಯದೇ. ಹಾಗಿದ್ದರೂ ನನ್ನ ನಂಬಿಕೆ ಉಳಿದದ್ದು ಕೋರ್ಟಿನಿಂದಲ್ಲ, ಆ ಮನೆಯಿಂದ. ನಿಮ್ಮ ಹಿರಿಯರು ಹಣವನ್ನು ಉಪನ್ಯಾಸಕರ ವಿಮಾನ ಟಿಕೆಟಿಗೆ ಖರ್ಚು ಮಾಡುವ ಮೊದಲು ಒಂದು ಬಾಗಿಲಿಗೆ, ಒಂದು ಬೀಗದ ಕೈಗೆ, ಅದನ್ನು ತೆರೆದು ಕೂರುವ ಒಬ್ಬ ಮನುಷ್ಯನಿಗೆ ಖರ್ಚು ಮಾಡಲಿ.

ಪ್ರಶ್ನಾರ್ಥಿ

ನಾನು ಬೆಂಗಳೂರಿನವನು, ಭೌತಶಾಸ್ತ್ರದ ಸಂಶೋಧಕ, ಯಾವ ದೇವರನ್ನೂ ನಂಬುವವನಲ್ಲ. ನಮ್ಮ ಮಾತೂ ಮುಖ್ಯವೆಂದು ನೀವು ಬರೆದದ್ದರಿಂದ ಒಂದು ಹಳೆಯ ನೋವನ್ನು ಹೇಳಿಕೊಳ್ಳುತ್ತೇನೆ.

ಹನ್ನೆರಡು ವರ್ಷಗಳ ಹಿಂದೆ ನಾನು ಎರಡು ಸೂಟ್‌ಕೇಸ್ ಹಿಡಿದು ಇಳಿದಾಗ ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ದವರು, ಮಂಚ ಮೇಜು ಕೊಡಿಸಿದವರು, ಹಬ್ಬದ ದಿನ ಊಟಕ್ಕೆ ಕರೆದವರು ಒಂದು ಕ್ರೈಸ್ತ ಗುಂಪಿನವರು. ಅವರ ಉಪಕಾರವನ್ನು ನಾನು ಇಂದಿಗೂ ನೆನೆಯುತ್ತೇನೆ. ಆದರೆ ಎಂಟು ತಿಂಗಳಾದ ಮೇಲೆ, ನನಗೆ ದೀಕ್ಷಾಸ್ನಾನದ ಆಸಕ್ತಿಯಿಲ್ಲವೆಂದು ಸ್ಪಷ್ಟವಾದ ಮೇಲೆ, ಫೋನುಗಳು ನಿಂತವು. ತಂದೆ ತೀರಿಕೊಂಡ ಸುದ್ದಿ ಬಂದ ವಾರ ನಾನು ಒಬ್ಬನೇ ಕೋಣೆಯಲ್ಲಿದ್ದೆ. ನನಗೆ ಆಗ ಬೇಕಾಗಿದ್ದದ್ದು ವಾದವಲ್ಲ, ಮತವೂ ಅಲ್ಲ. ನಾನು ಯಾವ ಲೆಕ್ಕದಲ್ಲಿ ಅವರ ಸ್ನೇಹಿತನಾಗಿದ್ದೆ ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇನ್ನೂ ಮುಗಿದಿಲ್ಲ.

ಎರಡನೆಯದಾಗಿ, ಅಧಿಕಾರದ ವಿಚಾರ. ಗೈಡ್ ಸಹಿ ಹಾಕದಿದ್ದರೆ ವಿದ್ಯಾರ್ಥಿಯ ಸ್ಟೈಪೆಂಡ್ ನಿಲ್ಲುತ್ತದೆ, ವೀಸಾ ತೂಗುಯ್ಯಾಲೆಯಲ್ಲಿ ಇರುತ್ತದೆ. ಅಂಥ ಗೈಡ್ ತನ್ನ ವಿದ್ಯಾರ್ಥಿಯನ್ನು ಪ್ರಾರ್ಥನೆಗೆ ಕರೆದರೆ ಅದು ಆಹ್ವಾನವಾಗಿ ಉಳಿಯುವುದಿಲ್ಲ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1917ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತ, ನಾವು ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲವೆಂದೂ, ಎದುರಾಡಲಾಗದ ವಿದ್ಯಾರ್ಥಿಗಳೆದುರು ಅಧ್ಯಾಪಕರು ಪಾಠದ ವೇದಿಕೆಯನ್ನು ಪ್ರವಾದಿಯ ಪೀಠವಾಗಿ ಮಾಡಿಕೊಳ್ಳಬಾರದೆಂದೂ ಹೇಳಿದರು. ಎರಡನ್ನೂ ನಾನು ಒಪ್ಪುತ್ತೇನೆ. ಉತ್ತರ ಲ್ಯಾಬಿನಲ್ಲಿಲ್ಲ ಎಂಬುದರಿಂದಲೇ ವರ್ಜೀನಿಯಾದವರು ಹೇಳಿದ ಮನೆಯಂಥ ಜಾಗ ಬೇಕು, ಆದರೆ ಅಲ್ಲಿ ಬದುಕಿನ ಅರ್ಥದ ಹುಡುಕಾಟ ಗಾಳದ ತುದಿಯ ಎರೆಹುಳುವಾಗಬಾರದು.

ನೇತ್ರಾವತಿ_ತೀರ

ಪ್ರಶ್ನಾರ್ಥಿಯವರೇ, ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ಆ ವಾರ ನಿಮ್ಮ ಕೋಣೆಯ ಬಾಗಿಲು ಯಾರೂ ತಟ್ಟಲಿಲ್ಲವೆಂಬುದಕ್ಕೆ, ಆ ಗುಂಪಿನವಳಲ್ಲದಿದ್ದರೂ, ಕ್ಷಮೆ ಕೇಳುತ್ತೇನೆ. ಹಿರಿಯರ ಮುಂದಿಡುವ ಪತ್ರದಲ್ಲಿ ನಿಮ್ಮ ಎರಡೂ ಮಾತುಗಳನ್ನು ಮೊದಲಿಗೇ ಬರೆದುಕೊಂಡಿದ್ದೇನೆ: ತನ್ನ ಕೈಕೆಳಗಿನ ವಿದ್ಯಾರ್ಥಿಯನ್ನು ಯಾವ ಅಧ್ಯಾಪಕರೂ ಕರೆತರಬಾರದು, ಮತ್ತು ಒಮ್ಮೆ ಬಂದವರ ಸ್ನೇಹಕ್ಕೆ ಗಡುವು ಇರಬಾರದು. ನಾನು ಯೇಸು ಸ್ವಾಮಿಯನ್ನು ನಂಬುವವಳು, ಅದನ್ನು ಮರೆಮಾಚುವುದಿಲ್ಲ. ಮರೆಮಾಚದೆ ಇರುವುದಕ್ಕೂ ಲೆಕ್ಕ ಹಾಕುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ನಡತೆಯಲ್ಲಿ ತೋರಿಸಬೇಕಾದವರು ನಾವೇ.

ಕುಲಶೇಖರದ_ಮಗ

ನಾನು ಕಥೊಲಿಕ. ಕೇಂಬ್ರಿಜ್‌ನಲ್ಲಿ ನಾಲ್ಕು ವರ್ಷ ಖಗೋಳ ಭೌತಶಾಸ್ತ್ರ ಓದಿದ್ದೇನೆ. ವಾದಗಳ ಉಪನ್ಯಾಸ ಮಾಲೆಯ ಬಗ್ಗೆ ನನ್ನ ಸಂಕೋಚಕ್ಕೆ ಕಾರಣ ನನ್ನದೇ ಕ್ಷೇತ್ರದ ಒಬ್ಬ ಧರ್ಮಗುರು.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಜಾರ್ಜ್ ಲೆಮೈತ್ರ್ 1923ರಲ್ಲಿ ಗುರುದೀಕ್ಷೆ ಪಡೆದವರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂಬುದನ್ನು ಐನ್‌ಸ್ಟೈನ್‌ರ ಸಮೀಕರಣಗಳಿಂದ ತೋರಿಸಿದರು, 1931ರಲ್ಲಿ ಎಲ್ಲವೂ ಒಂದು ಆದಿಮ ಪರಮಾಣುವಿನಿಂದ ಹೊರಟಿತೆಂಬ ಕಲ್ಪನೆಯನ್ನು ಮಂಡಿಸಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ತಮ್ಮ ಭಾಷಣದಲ್ಲಿ ಈ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಕೊಂಡಾಡಿದಾಗ ಎಲ್ಲರಿಗಿಂತ ಹೆಚ್ಚು ಕಳವಳಗೊಂಡವರು ಲೆಮೈತ್ರ್ ಅವರೇ. ನಾಳೆ ಹೊಸ ಅಳತೆಗಳು ಬಂದು ಸಿದ್ಧಾಂತ ಬದಲಾದರೆ ದೇವರೂ ಬದಲಾಗಬೇಕೇ? ಬೆಳಿಗ್ಗೆ ಬಲಿಪೂಜೆ ಅರ್ಪಿಸಿ ಆಮೇಲೆ ಸಮೀಕರಣಗಳ ಮುಂದೆ ಕೂರುವ ಆ ಬದುಕು ನನಗೆ ಯಾವ ವಾದಕ್ಕಿಂತಲೂ ಹೆಚ್ಚಿನ ಧೈರ್ಯ ಕೊಟ್ಟಿದೆ.

ಕೇಂಬ್ರಿಜ್‌ನ ಇನ್ನೊಂದು ನೋಟ. 1874ರಲ್ಲಿ ತೆರೆದ ಹಳೆಯ ಕ್ಯಾವೆಂಡಿಷ್ ಭೌತಶಾಸ್ತ್ರ ಪ್ರಯೋಗಾಲಯದ ದೊಡ್ಡ ಮರದ ಬಾಗಿಲ ಮೇಲೆ 111ನೆಯ ಕೀರ್ತನೆಯ ಒಂದು ವಚನವನ್ನು ಲ್ಯಾಟಿನ್ ಭಾಷೆಯಲ್ಲಿ ಕೆತ್ತಿದ್ದಾರೆ: ದೇವರ ಕಾರ್ಯಗಳು ದೊಡ್ಡವು, ಅವುಗಳಲ್ಲಿ ಸಂತೋಷಪಡುವವರೆಲ್ಲರೂ ಅವುಗಳನ್ನು ಅರಸುತ್ತಾರೆ ಎಂಬುದು ಅದರ ತಾತ್ಪರ್ಯ. ಮ್ಯಾಕ್ಸ್‌ವೆಲ್ ಅಲ್ಲಿಯ ಮೊದಲ ಪ್ರಾಧ್ಯಾಪಕರು. 1970ರ ದಶಕದಲ್ಲಿ ಪ್ರಯೋಗಾಲಯ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋದಾಗ ಅದೇ ವಚನವನ್ನು ಇಂಗ್ಲಿಷಿನಲ್ಲಿ ಹೊಸ ಬಾಗಿಲಿಗೂ ಬರೆಸಿದರು, ಅದೂ ಒಬ್ಬ ಸಂಶೋಧನಾ ವಿದ್ಯಾರ್ಥಿ ಮುಂದೆ ಬಂದು ಕೇಳಿಕೊಂಡದ್ದರಿಂದ. ಆ ವಚನದಲ್ಲಿ ನನಗೆ ಪ್ರಿಯವಾದ ಪದ "ಅರಸುವುದು". ಮೊದಲು ಸಿಕ್ಕವನಿಗೆ ಬಹುಮಾನ ಎಂದು ಅಲ್ಲಿಲ್ಲ. ನೇತ್ರಾವತಿಯವರೇ, ನಿಮ್ಮ ತಮ್ಮನಂಥ ಆ ಹುಡುಗನಿಗೆ ಇನ್ನೊಮ್ಮೆ ಮಾತನಾಡುವ ಅವಕಾಶ ಸಿಕ್ಕರೆ, ಅವನು ಕಂಡುಕೊಂಡದ್ದು ಏನು ಎಂದು ಮೊದಲು ಕೇಳಿ.

ಧಾರವಾಡದ_ಸಭಾಪಾಲಕ

ನನ್ನ ಸಭೆಯಿಂದ ಹೊರದೇಶಕ್ಕೂ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೂ ಸಂಶೋಧನೆಗೆಂದು ಹೋದ ಮಕ್ಕಳು ಏಳು ಮಂದಿ. ಹೊರಡುವ ಭಾನುವಾರ ಆರಾಧನೆಯ ಕೊನೆಯಲ್ಲಿ ಅವರನ್ನು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೇವೆ. ಆಮೇಲೆ ಕ್ರಿಸ್ಮಸ್ ರಜೆಗೆ ಬಂದಾಗ ನಾವು ಕೇಳುವುದು ಎರಡೇ ಪ್ರಶ್ನೆ: ಯಾವಾಗ ಮುಗಿಯುತ್ತದೆ, ಮದುವೆ ಯಾವಾಗ. ಅವರ ಪ್ರಬಂಧ ಏನನ್ನು ಕುರಿತದ್ದು ಎಂದು ನಾನು ಒಬ್ಬರನ್ನೂ ಕೇಳಿರಲಿಲ್ಲ ಎಂಬುದು ಈ ಚರ್ಚೆಯನ್ನು ಓದುವಾಗ ನನಗೆ ಹೊಳೆಯಿತು.

ನಮ್ಮ ನಾಡಿನಲ್ಲಿ ಇದು ಹೀಗಿರಬೇಕಾಗಿರಲಿಲ್ಲ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರತಂದ ಮೋಗ್ಲಿಂಗರು ಟ್ಯೂಬಿಂಗನ್‌ನಲ್ಲಿ ದೈವಶಾಸ್ತ್ರ ಓದಿ ಬಂದವರು. ಕಿಟೆಲ್‌ರು ಜರ್ಮನಿಗೆ ಮರಳಿದ ಮೇಲೂ ನಿಘಂಟಿನ ಕೆಲಸಕ್ಕಾಗಿಯೇ ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಇಲ್ಲಿಗೆ ಬಂದರು. 1894ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು, 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಪಾಂಡಿತ್ಯದ ಒಲವನ್ನು ಮಿಷನ್ನಿನ ಒಳಗೇ ಎಲ್ಲರೂ ಮೆಚ್ಚಿರಲಿಲ್ಲ. ಪದಗಳನ್ನು ಒಂದೊಂದಾಗಿ ಕೂಡಿಡುತ್ತ ವರ್ಷಗಳನ್ನು ಕಳೆಯುವುದು ಸುವಾರ್ತಾಸೇವೆಯೇ ಎಂಬ ಅನುಮಾನ ಅಂದೂ ಇತ್ತು. ಇಂದು ನಮ್ಮ ಸಭೆಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. ಜೀವಕೋಶದ ಒಂದು ಪ್ರೋಟೀನಿನ ಹಿಂದೆ ಐದು ವರ್ಷ ಅಲೆಯುವ ನಮ್ಮದೇ ಹುಡುಗಿಯ ಕೆಲಸವನ್ನು ಮಾತ್ರ ದೇವರ ಕರೆಯೆಂದು ಕಾಣುವುದಿಲ್ಲ.

ವಿದ್ಯಾರ್ಥಿಗಳ ನಡುವಿನ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರದು, ಕಥೊಲಿಕ ವಿದ್ಯಾರ್ಥಿಗಳ ಅಖಿಲ ಭಾರತ ಒಕ್ಕೂಟ 1924ರದು, ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಒಕ್ಕೂಟ 1954ರದು. ಆದರೆ ಇವುಗಳ ಬಲವೆಲ್ಲ ಹೆಚ್ಚಾಗಿ ಪದವಿ ತರಗತಿಗಳಲ್ಲಿ ಎಂಬುದು ನಾನು ಕಂಡದ್ದು. ಪಿಎಚ್.ಡಿ.ಯ ವಯಸ್ಸಿಗೆ ಬಂದವರು ಹಾಡಿನ ಕೂಟಕ್ಕೆ ದೊಡ್ಡವರು, ಸಭೆಯ ಕಮಿಟಿಗೆ ಚಿಕ್ಕವರು.

ತುಂಗೆಯ_ನೀರು

ನಾನು ಶಿವಮೊಗ್ಗ ಜಿಲ್ಲೆಯವಳು, ಹಿಂದೂ, ಇಂದಿಗೂ ಹಿಂದೂವೇ. ಇಬ್ಬರು ಮಕ್ಕಳ ತಾಯಿಯಾಗಿ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದೆ. ಇಂಥ ಮನೆಯೊಂದಕ್ಕೆ ಮೂರು ವರ್ಷ ಪ್ರತಿ ಗುರುವಾರ ಹೋಗುತ್ತಿದ್ದೆ, ಆದ್ದರಿಂದ ಒಳಗಿನ ವಿವರವನ್ನು ಬರೆಯಬಲ್ಲೆ.

ನಿವೃತ್ತ ಪ್ರಾಧ್ಯಾಪಕ ದಂಪತಿಯ ಮನೆ ಅದು. ಹಿಮದ ಬೂಟುಗಳನ್ನು ಬಾಗಿಲಲ್ಲಿ ಬಿಡುವುದು, ಒಂದು ದೊಡ್ಡ ಪಾತ್ರೆಯ ಸೂಪು, ಬ್ರೆಡ್ಡು, ನನಗಾಗಿ ಮಾಂಸವಿಲ್ಲದ ಇನ್ನೊಂದು ಪಾತ್ರೆ. ನಾನು ಸಸ್ಯಾಹಾರಿ ಎಂದು ಒಮ್ಮೆ ಹೇಳಿದ್ದೆ, ಮೂರು ವರ್ಷ ಆ ಎರಡನೆಯ ಪಾತ್ರೆ ತಪ್ಪಲಿಲ್ಲ. ಊಟಕ್ಕೆ ಮೊದಲು ಅವರು ಪ್ರಾರ್ಥಿಸುತ್ತಿದ್ದರು, ನಾನು ಸುಮ್ಮನೆ ಕುಳಿತಿರುತ್ತಿದ್ದೆ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಯಾರಾದರೂ ಇರುತ್ತಿದ್ದರು. ಈ ಒಂದು ಏರ್ಪಾಡು ಇಲ್ಲದಿದ್ದರೆ ನನ್ನಂಥವಳು ಆ ಬಾಗಿಲನ್ನು ದಾಟುವುದೇ ಸಾಧ್ಯವಿರಲಿಲ್ಲ, ನಿಮ್ಮ ಹಿರಿಯರಿಗೆ ಇದನ್ನು ಒತ್ತಿ ಹೇಳಿ. ಊಟವಾದ ಮೇಲೆ ಒಂದು ಗಂಟೆ ಓದು. ಒಂದು ಚಳಿಗಾಲವಿಡೀ ಯೋಬನ ಪುಸ್ತಕ ಓದಿದೆವು. ಅದರಲ್ಲಿ ಗೆಳೆಯರು ಬಂದು ಯೋಬನೊಂದಿಗೆ ಏಳು ದಿನ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರಲ್ಲ, ಆ ಭಾಗ ಬಂದಾಗ ಆ ಹಿರಿಯರು ಪುಸ್ತಕ ಮುಚ್ಚಿ, "ಈ ಗೆಳೆಯರು ಮಾಡಿದ ಒಳ್ಳೆಯ ಕೆಲಸ ಇಷ್ಟೇ, ಬಾಯಿ ತೆರೆದ ಮೇಲೆ ಕೆಟ್ಟಿತು" ಎಂದರು. ನಾನು ಮತ ಬದಲಿಸಲಿಲ್ಲ; ಅವರು ಬೇಸರಪಡಲೂ ಇಲ್ಲ. ನನ್ನ ಪದವಿ ಪ್ರದಾನದ ದಿನ, ನನ್ನ ತಾಯಿಗೆ ವೀಸಾ ಸಿಗದಿದ್ದಾಗ, ತಾಯಿಯ ಕುರ್ಚಿಯಲ್ಲಿ ಕುಳಿತವರು ಆ ಮನೆಯಾಕೆ.

ಒಂದು ಎಚ್ಚರಿಕೆ ಕೂಡ. ಇಪ್ಪತ್ತಾರು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಮಂದಿಯಿಂದ, ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು, ಮಾಹಿತಿ ಪಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಅವರಲ್ಲಿ ಖಿನ್ನತೆ ಮತ್ತು ಆತಂಕ ಸಾಮಾನ್ಯ ಜನರಿಗಿಂತ ಆರು ಪಟ್ಟಿಗೂ ಹೆಚ್ಚೆಂದು ಹೇಳಿತು. ಸ್ವಇಚ್ಛೆಯಿಂದ ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಅಂಕಿಯನ್ನು ಹಿಡಿತದಲ್ಲಿಟ್ಟು ಓದಬೇಕು, ಆದರೂ ನಮ್ಮ ಲ್ಯಾಬುಗಳಲ್ಲಿ ಕಂಡವರಿಗೆ ಇದು ಆಶ್ಚರ್ಯವಲ್ಲ. ನಿದ್ದೆ ಊಟ ಬಿಟ್ಟ ವಿದ್ಯಾರ್ಥಿಗೆ ಕೀರ್ತನೆಯ ಜೊತೆಗೆ ವೈದ್ಯರೂ ಬೇಕು. ಆ ಮನೆಯಾಕೆ ನನ್ನ ಗೆಳತಿಯೊಬ್ಬಳನ್ನು ಆಪ್ತಸಮಾಲೋಚಕರ ಬಳಿಗೆ ತಾವೇ ಕಾರಿನಲ್ಲಿ ಕರೆದೊಯ್ದು ಹೊರಗೆ ಕಾದಿದ್ದರು.

ವರ್ಜೀನಿಯಾ_ಕನ್ನಡಿಗ

ತುಂಗೆಯವರು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ, ಏಕೆಂದರೆ ಮನೆ ಎಂದರೆ ಊಟ ಮಾತ್ರ ಎಂದಾಗಬಾರದು. ಸಂಶೋಧಕರ ನಂಬಿಕೆಗೆ ಬುದ್ಧಿಯ ಕೆಲಸವೂ ಬೇಕು. ಜೀವವಿಜ್ಞಾನ ಓದುವ ನಮ್ಮ ಎಷ್ಟೋ ಕ್ರೈಸ್ತ ಮಕ್ಕಳು ವಿಕಾಸವಾದವೆಂದರೆ ದೈವನಿಂದೆ ಎಂದು ಕೇಳಿಯೇ ಬೆಳೆದಿರುತ್ತಾರೆ. ಹಗಲು ಪ್ರಭೇದಗಳ ವಂಶವೃಕ್ಷ ಬರೆಯುತ್ತಾರೆ, ಭಾನುವಾರ ತಾವು ಮಾಡುವ ಕೆಲಸದ ಹೆಸರನ್ನೇ ಬಾಯಿಬಿಡುವುದಿಲ್ಲ. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ವಿಕಾಸವನ್ನೂ ಕ್ರಿಸ್ತನನ್ನೂ ಒಪ್ಪುವವರು, ಈ ಸಂಭಾಷಣೆಗೆಂದೇ 2007ರಲ್ಲಿ ಬಯೋಲೋಗೋಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅವರೊಂದಿಗೆ ಎಲ್ಲರೂ ಸಮ್ಮತಿಸಬೇಕಾಗಿಲ್ಲ. ಆದರೆ ಎರಡು ಬದುಕು ಬದುಕುತ್ತಿರುವ ವಿದ್ಯಾರ್ಥಿಗೆ, ಎರಡನ್ನೂ ಒಂದೇ ಮೇಜಿನ ಮೇಲೆ ಇಡಬಹುದಾದ ಒಂದು ಜಾಗ ಬೇಕು.

ಧಾರವಾಡದ_ಸಭಾಪಾಲಕ

ವಿಕಾಸವಾದದ ವಿಷಯದಲ್ಲಿ ನಾನು ನಿಮ್ಮಷ್ಟು ಮುಂದೆ ಬಂದಿಲ್ಲ, ಆದಿಕಾಂಡದ ಮೊದಲ ಅಧ್ಯಾಯಗಳನ್ನು ಬೋಧಿಸುವಾಗ ನನಗೆ ಬೇರೆ ಪ್ರಶ್ನೆಗಳಿವೆ. ಆದರೆ ಸಭೆಯ ಮಗುವೊಂದು ತನ್ನ ದುಡಿಮೆಯನ್ನು ಸಭೆಯಿಂದ ಬಚ್ಚಿಡುತ್ತದೆ ಎಂದರೆ ತಪ್ಪು ಮಗುವಿನದಲ್ಲ. ಈ ವಾರ ಏಳು ಮಂದಿಗೂ ಪತ್ರ ಬರೆದಿದ್ದೇನೆ. ನಿಮ್ಮ ಕೆಲಸವೇನೆಂದು ನನಗೆ ಅರ್ಥವಾಗುವಂತೆ ತಿಳಿಸಿ ಎಂದಷ್ಟೇ ಕೇಳಿದ್ದೇನೆ. ಇಬ್ಬರು ಉತ್ತರಿಸಿದ್ದಾರೆ, ಒಬ್ಬಳ ಪತ್ರ ಹನ್ನೊಂದು ಪುಟವಿದೆ.

ನೇತ್ರಾವತಿ_ತೀರ

ಹಿರಿಯರ ಸಭೆ ಮುಗಿಯಿತು. ಉಪನ್ಯಾಸ ಮಾಲೆಯನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಕ್ಯಾಂಪಸ್ಸಿನ ಉತ್ತರಕ್ಕೆ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ, ಸಭೆಯ ವೃದ್ಧರೊಬ್ಬರ ಮನೆಯ ಕೆಳಮಹಡಿಯನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಳ್ಳಲು ಒಪ್ಪಿಗೆ ದೊರೆತಿದೆ. ಮಕ್ಕಳ ಕೋಣೆಯ ವಿಚಾರದಲ್ಲಿ ಇನ್ನೂ ಒಮ್ಮತವಿಲ್ಲ. ನಾನು ಬಿಡುವುದಿಲ್ಲ.

ಕುಲಶೇಖರದವರು ಹೇಳಿದಂತೆ ಆ ಹುಡುಗನ ಮೇಜಿನ ಬಳಿಗೆ ಹೋಗಿ, ನೀನು ಕಂಡುಕೊಂಡದ್ದನ್ನು ನನಗೆ ಮೊದಲಿನಿಂದ ಹೇಳು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಳೆಯ ಲ್ಯಾಬ್ ನೋಟ್‌ಬುಕ್ ತೆಗೆದ. ಎರಡು ಗಂಟೆ ಮಾತನಾಡಿದ. ದೇವರ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಧಾರವಾಡದ_ಸಭಾಪಾಲಕ

ತಾಯಿ, ಆ ತಮ್ಮನ ಹೆಸರು ನನಗೆ ಬೇಡ. ಅವನ ಕೆಲಸವನ್ನು ಎರಡು ಸಾಲಿನಲ್ಲಿ ಬರೆಯಿರಿ. ಭಾನುವಾರದ ವಿಜ್ಞಾಪನಾ ಪ್ರಾರ್ಥನೆಯಲ್ಲಿ ರೈತರ, ನೇಕಾರರ, ದಾದಿಯರ ಕೆಲಸವನ್ನು ನೆನೆಯುವಾಗ ಅದನ್ನೂ ನೆನೆಯಬೇಕೆಂದಿದ್ದೇನೆ.

ನೇತ್ರಾವತಿ_ತೀರ

ಅಯ್ಯನವರೇ, ಅವನನ್ನೇ ಕೇಳಿ ಬರೆಯುತ್ತಿದ್ದೇನೆ. ಗಾಳಿಯಲ್ಲಿ ಹೆಚ್ಚಾಗುತ್ತಿರುವ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಎಂಬ ಇಂಧನವಾಗಿ ಬದಲಿಸಲು ತಾಮ್ರದ ವೇಗವರ್ಧಕಗಳನ್ನು ತಯಾರಿಸುತ್ತಾನೆ. ಆ ತಾಮ್ರದ ಕಣಗಳು ಬಿಸಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಡದಂತೆ ಬಿಡಿಬಿಡಿಯಾಗಿ ಉಳಿಸುವ ದಾರಿಯನ್ನು ಹುಡುಕುತ್ತಿದ್ದಾನೆ, ಇನ್ನೂ ಪೂರ್ತಿ ಸಿಕ್ಕಿಲ್ಲ.